ಸಿಂಕಿನ ಕೆಳಗಿನ ಚಿಕ್ಕಪ್ಪ

ತಕ್ಕಡಿ ಸಾಹೇಬರು ಆ ಭಾನುವಾರ ಕಟ್ಟಡದ ಸಭೆಯಲ್ಲಿ ಎದ್ದು ನಿಲ್ಲದೆ ಇದ್ದಿದ್ದರೆ ಮುಂದಿನದು ಒಂದೂ ಆಗುತ್ತಿರಲಿಲ್ಲ. ಆದರೆ ಎದ್ದು ನಿಂತರು. ನಿಂತ ಮೇಲೆ ಸುಮ್ಮನೆ ಕೂರುವುದು ಹೇಗೆ? ಮಾತಾಡಿದರು.

ಅವರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರು. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ, ಬಟ್ಟು, ಅಳತೆಗೋಲುಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವುದು ಅವರ ಕೆಲಸ. ಕಟ್ಟಡದವರು ಅದಕ್ಕೇ ಆ ಹೆಸರಿಟ್ಟಿದ್ದರು. ಇಪ್ಪತ್ತೆರಡು ವರ್ಷ ಊರಿನವರ ತಪ್ಪು ಹಿಡಿದ ಮನುಷ್ಯನಿಗೆ ತನ್ನದೂ ಒಂದಿರಬಹುದು ಎಂಬ ಅನುಮಾನ ಸುಲಭಕ್ಕೆ ಬರುವುದಿಲ್ಲ. ಮನೆಯಲ್ಲಿ ಮಾತ್ರ ಅವರು ಹೊಡೆದ ಮೊಳೆ ಒಂದೂ ನೆಟ್ಟಗಿರಲಿಲ್ಲ. ಅವರು ತಗುಲಿಹಾಕಿದ ಗೋಡೆ ಗಡಿಯಾರದಲ್ಲಿ ಗಂಟೆ ನೋಡಬೇಕಾದರೆ ಬಂದವರೆಲ್ಲ ಎಡಕ್ಕೆ ಕತ್ತು ವಾಲಿಸಬೇಕಿತ್ತು.

ಸಭೆ ಸೇರಿದ್ದು ಮೆಟ್ಟಿಲ ಬುಡದಲ್ಲಿ, ಸೈಕಲ್ಲುಗಳ ನಡುವೆ. ವಿಷಯ, ಇಲಿ. ಎರಡನೇ ಮಹಡಿಯ ಹಲ್ಲಿನ ಡಾಕ್ಟರ ಮನೆಯಲ್ಲಿ, ಚಪ್ಪಲಿ ಗೂಡಿನೊಳಗೆ ಒಂದು ಇಲಿ ಕಂಡಿತ್ತು. ಕಟ್ಟಡ ಸಂಘದ ಕಾರ್ಯದರ್ಶಿ ಮೇಡಂ, ಅಂದರೆ ನೆಲಮಹಡಿಯಲ್ಲಿ ಒಬ್ಬರೇ ಇರುವ ನಿವೃತ್ತ ನರ್ಸಮ್ಮ, ಫಲಕದ ಮೇಲೆ ಕೆಂಪು ಸೀಮೆಸುಣ್ಣದಲ್ಲಿ 'ಇಲಿ ಕಂಡ ಮನೆ: ನಂಬರ್ ಐದು' ಎಂದು ಬರೆದಿದ್ದರು.

"ಇಲಿ ತಾನಾಗಿ ಬರೋದಿಲ್ಲ," ಎಂದರು ಸಾಹೇಬರು. "ಕರೆದರೆ ಬರುತ್ತೆ. ಮನೆಯವರ ಅಶಿಸ್ತೇ ಅದಕ್ಕೆ ಆಮಂತ್ರಣ ಪತ್ರಿಕೆ. ನಮ್ಮ ಮನೇಲಿ ಯಾಕಿಲ್ಲ? ಎಲ್ಲರೂ ಒಂದ್ನಿಮಿಷ ಯೋಚನೆ ಮಾಡಿ."

ಎಲ್ಲರೂ ಯೋಚನೆ ಮಾಡಿದರು. ಹಲ್ಲಿನ ಡಾಕ್ಟರು ನೆಲ ನೋಡುತ್ತ ಯೋಚನೆ ಮಾಡಿದರು.

ಮೂರು ವಾರ ಕಳೆಯಿತು. ಈ ನಡುವೆ ಸಾಹೇಬರ ಹೆಂಡತಿಗೆ ಬಲಗೈ ಮಣಿಕಟ್ಟಿನಲ್ಲಿ ಒಂದು ಸಣ್ಣ ಶಸ್ತ್ರಚಿಕಿತ್ಸೆ ಆಯಿತು. ಆಕೆ ಶಾಲೆಯಲ್ಲಿ ಚಿತ್ರಕಲೆ ಟೀಚರು. "ಬ್ರಶ್ ಹಿಡೀಬಹುದು, ಬಾಣಲೆ ಹಿಡೀಬಾರದು," ಎಂದುಬಿಟ್ಟರು ಆಸ್ಪತ್ರೆಯ ಡಾಕ್ಟರು. ಅಂದಿನಿಂದ ಪಾತ್ರೆ ತೊಳೆಯುವುದು ಸಾಹೇಬರ ಪಾಲಿಗೆ ಬಂತು. ಹತ್ತು ದಿನದಲ್ಲಿ ಆರು ಲೋಟ, ಒಂದು ಟೀಪಾಟು, ಮದುವೆಗೆ ಬಂದಿದ್ದ ಗಾಜಿನ ಬಟ್ಟಲು ಒಡೆದುಹೋದ ಮೇಲೆ ಪಾತ್ರೆ ತೊಳೆಯುವ ಯಂತ್ರ ತರಿಸುವುದೆಂದು ತೀರ್ಮಾನವಾಯಿತು. ಅದು ಯಾರ ಕೈಗೆ ವಿಶ್ರಾಂತಿ ಕೊಡಲು ಎಂಬ ಪ್ರಶ್ನೆಯನ್ನು ಗಂಡ ಹೆಂಡತಿ ಇಬ್ಬರೂ ಎತ್ತಲಿಲ್ಲ.

ಯಂತ್ರ ಬರುವುದು ಶನಿವಾರ. ಸೋಮವಾರವೇ ಅದರ ಸೂಚನಾ ಪುಸ್ತಕ ಅಂಚೆಯಲ್ಲಿ ಬಂತು. ಸಾಹೇಬರು ಅದನ್ನು ಕಚೇರಿ ಸುತ್ತೋಲೆ ಓದುವ ಧ್ವನಿಯಲ್ಲಿ ಓದಿದರು. "ಇಲಿ ಮುಂತಾದ ದಂಶಕ ಪ್ರಾಣಿಗಳು ಕೊಳವೆ ಅಥವಾ ತಂತಿಗಳನ್ನು ಕಡಿದಲ್ಲಿ ಕಂಪನಿ ಹೊಣೆಯಲ್ಲ. ಜೋಡಣೆಗೆ ಮೊದಲು ಅಡುಗೆಮನೆಗೆ ಇಲಿ ನುಸುಳದಂತೆ ಭದ್ರಪಡಿಸಿಕೊಳ್ಳತಕ್ಕದ್ದು." ಓದಿ ನಕ್ಕರು. "ಇದು ನಮ್ಮಂಥವರಿಗಲ್ಲ ಬಿಡು," ಎಂದು ಯಂತ್ರ ಇಡುವ ಜಾಗ ಅಳೆಯಲು ಸಿಂಕಿನ ಕೆಳಗಿನ ಬಾಗಿಲು ತೆರೆದರು. ಒಳಗೆ ಮೂಲೆಯಲ್ಲಿ ಸಣ್ಣ ಸಣ್ಣ ಕಪ್ಪು ಕಾಳು ಚೆಲ್ಲಿದ್ದವು.

"ಇಲ್ಲಿ ಎಳ್ಳು ಚೆಲ್ಲಿದೀಯಾ?"

ಹೆಂಡತಿ ಬಗ್ಗಿ ನೋಡಿದಳು. "ಅದು ಎಳ್ಳಲ್ಲ ರೀ. ನೀವು ಕಳಿಸಿದ ಆಮಂತ್ರಣ ಪತ್ರಿಕೆಗೆ ಉತ್ತರ."

ಇಲ್ಲಿ ಸಾಹೇಬರ ನಿಜವಾದ ಚಿಕ್ಕಪ್ಪನ ವಿಷಯ ಹೇಳದಿದ್ದರೆ ಮುಂದೆ ಗೊಂದಲವಾದೀತು. ಆಮೇಲೆ ಆದದ್ದೂ ಗೊಂದಲವೇ, ಆದರೆ ಓದುವವರಿಗೆ ಆಗಬಾರದು. ಚಿಕ್ಕಪ್ಪ ನಿವೃತ್ತ ಬಸ್ ಕಂಡಕ್ಟರು. ಗಿಡ್ಡನೆಯ ಮೈ, ಬೋಳು ತಲೆ, ಎಲ್ಲಿ ಕೂತರೂ ಅರ್ಧ ಸೀಟು ಬಿಟ್ಟು ಕೂರುವ ಅಭ್ಯಾಸ. ಸಾಹೇಬರಿಗೆ ಒಂಬತ್ತು ವರ್ಷವಾಗಿದ್ದಾಗ ತಂದೆ ತೀರಿಕೊಂಡರು, ತಾಯಿ ಅದಕ್ಕೂ ಮೊದಲೇ ಹೋಗಿದ್ದರು. ಆಗ ಸಾಹೇಬರನ್ನೂ ಅವರ ಅಕ್ಕನನ್ನೂ ಸಾಕಿದ್ದು ಈ ಚಿಕ್ಕಪ್ಪ. ಮದುವೆಯ ಮಾತು ಬಂದಾಗಲೆಲ್ಲ "ಬಸ್ ಫುಲ್ ಆಗಿದೆ" ಎಂದು ಕೈ ಆಡಿಸಿಬಿಡುತ್ತಿದ್ದರು. ಸಾಹೇಬರು ಭಾಗಾಕಾರ ಕಲಿತದ್ದು ಅವರ ಬಸ್ಸಿನ ಹಿಂದಿನ ಸೀಟಿನಲ್ಲಿ. ಈಗ ಎರಡು ಬೀದಿ ಆಚೆ, ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂದು ರೂಮಿನಲ್ಲಿದ್ದರು. ಬುಧವಾರ, ಭಾನುವಾರ ಸಂಜೆ ಏಳಕ್ಕೆ ಊಟಕ್ಕೆ ಬರುತ್ತಿದ್ದರು. ಅವರ ಹತ್ತಿರ ಒಂದು ಬೀಗದ ಕೈ ಇತ್ತು. ಮನೆಯಲ್ಲಿ ಯಾರೂ ಇಲ್ಲದಿದ್ದರೆ ತಾವೇ ಬಾಗಿಲು ತೆಗೆದು, ಡಬ್ಬದಿಂದ ಎರಡು ಬಿಸ್ಕತ್ತು ತಿಂದು, ಮೇಜಿನ ಮೇಲೆ ಮೂರು ತಟ್ಟೆ ಜೋಡಿಸಿ ಕಾಯುತ್ತಿದ್ದರು.

ಮಂಗಳವಾರ ಸಾಹೇಬರು ಹಾರ್ಡ್‌ವೇರ್ ಅಂಗಡಿಗೆ ಹೋದರು.

"ಇಲಿ..." ಎಂದು ಶುರುಮಾಡುವ ಮೊದಲೇ ಅಂಗಡಿಯವರಿಗೆ ಅರ್ಥವಾಯಿತು. ಮೂವತ್ತು ವರ್ಷದ ಅನುಭವ. ಇಂಥ ಗಿರಾಕಿಗಳು ಕತ್ತು ಒಳಗೆಳೆದುಕೊಂಡು ಬರುತ್ತಾರೆ.

"ಬರೋದು ದೊಡ್ಡದಾ ಚಿಕ್ಕದಾ ಸಾಹೇಬ್ರೇ?"

"ಚಿಕ್ಕ..." ಎಂದ ಸಾಹೇಬರು ತಿರುಗಿ ನೋಡಿದರು. ಪಕ್ಕದಲ್ಲೇ ಕಾರ್ಯದರ್ಶಿ ಮೇಡಂ ಬಲ್ಬು ಪರೀಕ್ಷೆ ಮಾಡಿಸುತ್ತ ನಿಂತಿದ್ದರು. ಸಾಹೇಬರ ಕಣ್ಣ ಮುಂದೆ ಕೆಂಪು ಸೀಮೆಸುಣ್ಣ ಹಾದುಹೋಯಿತು. "...ಪ್ಪ," ಎಂದು ಮುಗಿಸಿದರು.

ಅಂಗಡಿಯವರು ಕಣ್ಣು ಮಿಟುಕಿಸಿದರು. ಗಿರಾಕಿಯ ಮಾನ ಕಾಪಾಡುವುದರಲ್ಲಿ ಅವರದು ಎತ್ತಿದ ಕೈ. "ಓಹೋ, ಚಿಕ್ಕಪ್ಪ!" ಎಂದು ಅಂಗಡಿಗೆಲ್ಲ ಕೇಳುವಂತೆ ಹೇಳಿದರು. "ಒಬ್ಬರೇನಾ, ಸಂಸಾರ ಸಮೇತಾನಾ?"

"ಒಬ್ರೇ ಅನ್ಸುತ್ತೆ."

"ಎಲ್ಲಿ ಜಾಸ್ತಿ ಓಡಾಡ್ತಾರೆ?"

"ಅಡುಗೆಮನೇಲಿ. ಬಿಸ್ಕತ್ತಿನ ಡಬ್ಬ ಇಡೋ ಕಡೆ."

"ಹಾಗಾದ್ರೆ ರುಚಿ ಹತ್ತಿದೆ. ಇನ್ನು ತಾವಾಗಿ ಹೋಗಲ್ಲ ಬಿಡಿ. ಬಾಗಿಲ ಅಡಿಗೆ ತಗಡಿನ ಪಟ್ಟಿ ಹೊಡೀರಿ, ಪೈಪ್ ಸುತ್ತ ಉಕ್ಕಿನ ನಾರು ತುರುಕಿ ಸಿಮೆಂಟ್ ಹಾಕಿ. ಎಷ್ಟೇ ಸಣ್ಣ ಮೈ ಇದ್ರೂ ನುಸುಳೋಕಾಗಲ್ಲ. ಜೊತೆಗೆ ಸ್ವಲ್ಪ ವಿಷ ಕೊಡ್ಲಾ?"

ಕಾರ್ಯದರ್ಶಿ ಮೇಡಂ ಕೈಯಲ್ಲಿದ್ದ ಬಲ್ಬು ಗಲ್ಲಾದ ಮೇಲೆ ಉರುಳಿತು.

"ಛೇ ಛೇ, ವಿಷ ಬೇಡ," ಎಂದರು ಸಾಹೇಬರು. ಅವರದು ಮೃದು ಮನಸ್ಸು. "ಬೋನು ಕೊಡಿ ಸಾಕು. ಹಿಡಿದು ಪಾರ್ಕಿನ ಆಚೆ ಬಿಟ್ಟು ಬರ್ತೀನಿ."

"ವಾಪಸ್ ಬಂದ್ರೆ?"

"ದಾರಿ ಮರೆಯೋ ಹಾಗೆ ಎರಡು ಸುತ್ತು ಸುತ್ತಿಸಿ ಬಿಡ್ತೀನಿ."

ಕಾರ್ಯದರ್ಶಿ ಮೇಡಂ ಬಲ್ಬು ಕೊಳ್ಳದೆ ಹೊರಟುಹೋದರು. ಗುಟ್ಟು ಉಳಿಯಿತೆಂದು ಸಾಹೇಬರು ಹಗುರಾಗಿ ಮನೆಗೆ ಬಂದರು.

ಅಂದಿನಿಂದ ಮನೆಯಲ್ಲೂ ಅದೇ ಸಂಕೇತ ಜಾರಿಗೆ ಬಂತು. ಗೋಡೆಗೂ ಕಿವಿ ಇರುವ ಕಟ್ಟಡ ಅದು, ಇಲಿ ಎಂಬ ಪದ ಬಾಯಿಂದ ಬರಕೂಡದು ಎಂದು ಸಾಹೇಬರು ಕಟ್ಟಪ್ಪಣೆ ಮಾಡಿದರು. ಸಂಕೇತವನ್ನು ಎಷ್ಟು ಕಟ್ಟುನಿಟ್ಟಾಗಿ ಪಾಲಿಸಿದರೆಂದರೆ ಇಲಿಗೆ ಬಹುವಚನ ಕೊಟ್ಟರು. "ಚಿಕ್ಕಪ್ಪ ಸೋಪು ಕಡಿದಿದ್ದಾರೆ," "ಚಿಕ್ಕಪ್ಪ ಕಪಾಟಿನ ಹಿಂದೆ ಹೋಗಿದ್ದಾರೆ" ಎಂದು ಇಬ್ಬರೂ ಗೌರವದಿಂದ ಮಾತಾಡಿಕೊಂಡರು. ಹೆಂಡತಿಗೆ ಮೊದಲು ನಗು ಬರುತ್ತಿತ್ತು, ಆಮೇಲೆ ಅಭ್ಯಾಸವಾಯಿತು.

ಆ ಕಟ್ಟಡದ ಮನೆಗಳಲ್ಲಿ ಮುಂಬಾಗಿಲು ತೆರೆದರೆ ನೇರ ಅಡುಗೆಮನೆ. ಬುಧವಾರ ಸಾಹೇಬರು ಅರ್ಧ ದಿನ ರಜೆ ಹಾಕಿ ಬಾಗಿಲ ಅಡಿಗೆ ತಗಡಿನ ಪಟ್ಟಿ ಹೊಡೆದರು. ಎಷ್ಟು ಭದ್ರವಾಗಿ ಹೊಡೆದರೆಂದರೆ ಒಳಗಿನಿಂದ ಒದ್ದರೆ ಮಾತ್ರ ಬಾಗಿಲು ತೆರೆಯುತ್ತಿತ್ತು. ಸಂಜೆ ಐದೂವರೆಗೆ ಅವರು ನೆಲದ ಮೇಲೆ ಬೋರಲು ಮಲಗಿ ಸಿಂಕಿನ ಕೆಳಗೆ ಉಕ್ಕಿನ ನಾರು ತುರುಕುತ್ತಿದ್ದರು. ಹೆಂಡತಿ ಎಡಗೈಯಲ್ಲಿ ಟಾರ್ಚು ಹಿಡಿದಿದ್ದಳು. ಆಗ ಬಾಗಿಲ ಕಡೆಯಿಂದ ಕರಕರ ಸದ್ದು ಬಂತು.

"ಶ್ಶ್! ಬಂದ್ರು!"

"ಯಾರು?"

"ಇನ್ಯಾರು, ಚಿಕ್ಕಪ್ಪ! ಕೆರೀತಾ ಇದ್ದಾರೆ, ಕೇಳಿಸ್ತಾ? ಟಾರ್ಚ್ ಆರಿಸು. ಉಸಿರು ಬಿಡ್ಬೇಡ. ಮನೇಲಿ ಯಾರೂ ಇಲ್ಲ ಅಂದ್ಕೊಂಡು ಹೋಗ್ಲಿ."

"ಬಂದು ಬೋನಿಗೆ ಬೀಳ್ಲಿ ಅಂದಿದ್ರಲ್ಲ?"

"ಬೋನು ಇನ್ನೂ ರೆಡಿ ಇಲ್ಲ."

"ಪಾಪ, ಹಸಿದಿರ್ತಾರೆ ರೀ."

"ಹಸಿವಾದ್ರೆ ನೆಲಮಹಡಿಗೆ ಹೋಗ್ಲಿ. ಅಲ್ಲಿ ಮೇಡಂ ಒಬ್ರೇ ಇರ್ತಾರೆ, ಅವರಿಗೂ ಒಂದು ಜೊತೆ ಆಗುತ್ತೆ. ಈ ಮನೆಗೆ ಮಾತ್ರ ಇನ್ಮೇಲೆ ಬಿಡಲ್ಲ." ಸಾಹೇಬರು ತೆವಳಿಕೊಂಡು ಹೋಗಿ ಪೊರಕೆಯ ಹಿಡಿಯಿಂದ ಬಾಗಿಲಿಗೆ ಮೂರು ಸಲ ಗುದ್ದಿದರು. ಸದ್ದು ನಿಂತಿತು. "ನೋಡಿದ್ಯಾ? ಹೋದ್ರು."

ಹೋದದ್ದು ನಿಜ. ಬಾಗಿಲಾಚೆ ನಿಂತು, ಬೀಗದ ಕೈ ತಿರುಗಿಸಿ, ಯಾಕೋ ತೆರೆಯುತ್ತಿಲ್ಲವೆಂದು ಬಾಗಿಲನ್ನು ಮೆಲ್ಲನೆ ಎಳೆಯುತ್ತಿದ್ದವರು ಚಿಕ್ಕಪ್ಪನೇ. ಆ ಮಧ್ಯಾಹ್ನ ಕಾರ್ಯದರ್ಶಿ ಮೇಡಂ ಅವರನ್ನು ಬೀದಿಯಲ್ಲಿ ನಿಲ್ಲಿಸಿ, "ನೀವು ಸ್ವಲ್ಪ ದಿನ ನಮ್ಮನೇಲೇ ಊಟ ಮಾಡಿ, ಯಾಕೆ ಅಂತ ಕೇಳ್ಬೇಡಿ," ಎಂದು ಕಣ್ಣು ಒರೆಸಿಕೊಂಡಿದ್ದರು. ಏನೆಂದು ತಿಳಿಯದೆ ಚಿಕ್ಕಪ್ಪ ಒಂದೂವರೆ ಗಂಟೆ ಮುಂಚಿತವಾಗಿಯೇ ಬಂದಿದ್ದರು. ಈಗ ತಿಳಿಯಿತು. ಬಂದ ಹಾಗೆಯೇ ಕೈಗಂಬಿ ಹಿಡಿದು ಮೆಟ್ಟಿಲು ಇಳಿದರು.

ಏಳು ಗಂಟೆಯಾಯಿತು, ಎಂಟಾಯಿತು. ಮೇಜಿನ ಮೇಲೆ ಮೂರನೆಯ ತಟ್ಟೆ ಹಾಗೇ ಇತ್ತು. "ನೆಗಡಿ ಆಗಿರ್ಬೇಕು," ಎಂದರು ಸಾಹೇಬರು. ಹೆಂಡತಿ ಸೂಪನ್ನು ಎರಡು ಸಲ ಬಿಸಿ ಮಾಡಿದಳು.

ಗುರುವಾರ ಬೆಳಿಗ್ಗೆ ಕಾರ್ಯದರ್ಶಿ ಮೇಡಂ ಮೆಟ್ಟಿಲಲ್ಲಿ ಎದುರಾಗಿ ಒಂದು ಬೀಗದ ಕೈಯನ್ನು ಸಾಹೇಬರ ಅಂಗೈಯಲ್ಲಿ ಇಟ್ಟರು. "ನಿಮ್ಮ ಚಿಕ್ಕಪ್ಪ ಕೊಟ್ಟಿದ್ದು."

"ಎಲ್ಲಾದ್ರೂ ಬಿಟ್ಟು ಹೋಗಿದ್ರಾ? ವಯಸ್ಸಾಯ್ತು ನೋಡಿ, ಮರೆವು."

"ನಿಮಗೆ ಕರುಳು ಅನ್ನೋದು ಇದೆಯಾ ಸಾಹೇಬ್ರೇ?" ಎಂದ ಮೇಡಂ ಉತ್ತರಕ್ಕೂ ಕಾಯದೆ ಬಾಗಿಲು ಹಾಕಿಕೊಂಡರು. ನರ್ಸಾಗಿದ್ದವರಲ್ಲವೇ, ಜೀರ್ಣಾಂಗದ ವಿಷಯ ಕೇಳುತ್ತಿರಬಹುದೆಂದು ಸಾಹೇಬರು ಹೊಟ್ಟೆ ಮುಟ್ಟಿ ನೋಡಿಕೊಂಡರು. ಎರಡನೇ ಮಹಡಿಯಿಂದ ಹಲ್ಲಿನ ಡಾಕ್ಟರು ಇಳಿದು ಬಂದರು.

"ನಮ್ಮ ಮನೇಲಿ ಅಶಿಸ್ತು ಇರ್ಬಹುದು," ಎಂದರು ಡಾಕ್ಟರು ಕೋಟಿನ ಗುಂಡಿ ಹಾಕಿಕೊಳ್ಳುತ್ತ, "ಆದ್ರೆ ಹಿರಿಯರಿಗೆ ನಾವು ಬೋನು ಇಡಲ್ಲ."

ದಿನವಿಡೀ ಅರಿವಳಿಕೆ ಔಷಧಿಯ ನಡುವೆ ಇರುವವರ ಮಾತು ಹೀಗೇ ಇರುತ್ತದೆಂದು ಸಾಹೇಬರು ತೀರ್ಮಾನಿಸಿ ಕಚೇರಿಗೆ ಹೋದರು. ಸಂಜೆ ಬಂದು ಉಳಿದ ಕೆಲಸ ಮುಗಿಸಿದರು. ಕಪಾಟಿನ ಸುತ್ತ ತಗಡು, ಗೋಡೆಯ ಬಿರುಕಿಗೆ ಸಿಮೆಂಟು, ಕೊಳವೆಗಳ ಸುತ್ತ ಸಿಮೆಂಟು, ಸಿಮೆಂಟು ಮಿಕ್ಕಿದ್ದರಿಂದ ಕಂಡ ಕಂಡ ತೂತಿಗೆಲ್ಲ ಸಿಮೆಂಟು.

ಶುಕ್ರವಾರ ಸಂಜೆ ಅಕ್ಕನ ಫೋನು ಬಂತು. ಅಕ್ಕ ಬೇರೆ ಊರಿನಲ್ಲಿ ಗ್ರಂಥಪಾಲಕಿ. ದಿನವಿಡೀ ಪಿಸುಮಾತಿನಲ್ಲಿ ಇರಬೇಕಾದ್ದರಿಂದ ಫೋನಿನಲ್ಲಿ ಅದನ್ನೆಲ್ಲ ತೀರಿಸಿಕೊಳ್ಳುತ್ತಿದ್ದಳು.

"ಚಿಕ್ಕಪ್ಪನ್ನ ಮನೆ ಒಳಗೆ ಬಿಡ್ತಾ ಇಲ್ವಂತೆ?"

ಹೆಂಡತಿ ಅಕ್ಕನಿಗೂ ಸಂಕೇತ ತಿಳಿಸಿದ್ದಾಳೆಂದು ಸಾಹೇಬರಿಗೆ ಖುಷಿಯಾಯಿತು. "ಹೌದಕ್ಕ. ಎಲ್ಲಾ ದಾರೀನೂ ಮುಚ್ಚಿಬಿಟ್ಟೆ. ನಾಳೆ ಹೊಸ ಯಂತ್ರ ಬರುತ್ತೆ ನೋಡು, ಅವರಿದ್ರೆ ಅದನ್ನ ಹಾಳು ಮಾಡಿಬಿಡ್ತಾರೆ."

"ಯಂತ್ರಕ್ಕೋಸ್ಕರ ಅವರನ್ನ ಹೊರಗೆ ಹಾಕ್ತೀಯಾ?"

"ಹಾಕ್ದೆ? ಸೋಪು ಕಡೀತಾರೆ, ಕಪಾಟಿನ ಹಿಂದೆ ಗಲೀಜು ಮಾಡ್ತಾರೆ."

ಆ ಕಡೆ ಅಕ್ಕ ಕುರ್ಚಿ ಹುಡುಕಿ ಕೂತ ಸದ್ದು ಕೇಳಿಸಿತು. "ಅಯ್ಯೋ ದೇವರೇ. ಅಷ್ಟು ಕೈಮೀರಿದೆಯಾ? ಡಾಕ್ಟರಿಗೆ ತೋರಿಸಿದ್ಯಾ?"

"ಡಾಕ್ಟರು ಯಾಕೆ? ಬೋನಿಗೆ ಬಿದ್ರೆ ಪಾರ್ಕಿನ ಆಚೆ ಬಿಟ್ಟು ಬರ್ತೀನಿ."

"ಈ ಚಳೀಲಿ?"

"ಮೈಮೇಲೆ ಅಷ್ಟು ಕೂದಲಿದೆಯಲ್ಲ ಅಕ್ಕ, ಅವರಿಗೇನು ಚಳಿ?"

"ಕೂದಲಾ? ಅವರ ತಲೇಲಿ ಒಂದೇ ಒಂದು ಕೂದಲಿಲ್ವಲ್ಲೋ!"

ಸಾಹೇಬರು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದರು. "ಅಕ್ಕ, ನೀನು ಯಾವ ಚಿಕ್ಕಪ್ಪನ ವಿಷಯ ಮಾತಾಡ್ತಿದೀಯಾ?"

"ನಮಗೆ ಎಷ್ಟು ಜನ ಚಿಕ್ಕಪ್ಪಂದಿರಿದ್ದಾರೆ?" ಅಕ್ಕನ ಧ್ವನಿ ಒಡೆಯಿತು. "ಕೆಳಗಿನ ಮನೆ ಮೇಡಂ ಫೋನ್ ಮಾಡಿದ್ರು. ಬುಧವಾರ ಬಾಗಿಲಾಚೆ ನಿಂತಿದ್ರಂತೆ ಕಣೋ. ಒಳಗೆ ನೀನು ಹೇಳಿದ್ದೆಲ್ಲ ಕೇಳಿಸ್ಕೊಂಡ್ರಂತೆ. ಪೊರಕೇಲಿ ಗುದ್ದಿದ್ದೂ."

ಸಾಹೇಬರು ಫೋನನ್ನು ಮೇಜಿನ ಮೇಲೆ ಇಟ್ಟರು. ಅದರೊಳಗೆ ಅಕ್ಕ ಬೈಯುತ್ತಲೇ ಇದ್ದಳು. ಬಾಗಿಲಿಗೆ ಓಡಿದರು, ತಳ್ಳಿದರು, ಬರಲಿಲ್ಲ, ಒದ್ದರು, ತೆರೆಯಿತು. ಒಂದು ಕಾಲಿಗೆ ಚಪ್ಪಲಿ, ಇನ್ನೊಂದಕ್ಕೆ ಇಲ್ಲ, ಹಾಗೆಯೇ ಎರಡು ಬೀದಿ ದಾಟಿದರು. ಸೈಕಲ್ ರಿಪೇರಿಯವರು ಚಕ್ರ ತಿರುಗಿಸುತ್ತ ತಲೆ ಎತ್ತದೆಯೇ ಹೇಳಿದರು, "ಮೇಲಿಲ್ಲ. ನಿಮ್ಮ ಕಟ್ಟಡದಲ್ಲೇ ಇದ್ದಾರೆ. ನಿಮ್ಮ ಮನೇಲಿ ಅಲ್ಲ."

ಸಾಹೇಬರು ಬಂದ ದಾರಿಯಲ್ಲೇ ಓಡಿ ನೆಲಮಹಡಿಯ ಬಾಗಿಲು ತಟ್ಟಿದರು. ಕಾರ್ಯದರ್ಶಿ ಮೇಡಂ ಅರ್ಧ ಬಾಗಿಲು ತೆರೆದು, ಉಳಿದರ್ಧಕ್ಕೆ ತಾವೇ ಅಡ್ಡ ನಿಂತರು. ಅವರ ಹೆಗಲ ಮೇಲಿಂದ ಒಳಗೆ ಮೇಜು ಕಾಣಿಸುತ್ತಿತ್ತು. ಮೇಜಿನ ಮುಂದೆ, ಅರ್ಧ ಕುರ್ಚಿಯಲ್ಲಿ, ಚಿಕ್ಕಪ್ಪ ಬ್ರೆಡ್ಡನ್ನು ಸಣ್ಣ ಚೂರು ಮಾಡುತ್ತ ಕೂತಿದ್ದರು.

"ಊಟ ಮಾಡ್ತಿದ್ದಾರೆ. ನೆಮ್ಮದಿಯಾಗಿ ಮಾಡ್ಲಿ," ಎಂದರು ಮೇಡಂ.

"ಮೇಡಂ, ಅದು ಚಿಕ್ಕಪ್ಪ ಅಲ್ಲ!"

"ಈಗ ಸಂಬಂಧಾನೂ ಇಲ್ವಾ?"

"ಹಾಗಲ್ಲ! ನಾನು ಚಿಕ್ಕಪ್ಪ ಅಂದಿದ್ದು ಚಿಕ್ಕಪ್ಪನಿಗಲ್ಲ. ಅದು..." ಸಾಹೇಬರು ಮೇಲೆ ನೋಡಿದರು. ಮೆಟ್ಟಿಲ ಕೈಗಂಬಿಯ ಮೇಲೆ ಮೂರು ಮಹಡಿಯಲ್ಲೂ ತಲೆಗಳು ಬಾಗಿದ್ದವು. ಹಲ್ಲಿನ ಡಾಕ್ಟರ ತಲೆ ಎಲ್ಲಕ್ಕಿಂತ ಮುಂದೆ ಇತ್ತು. ಕೆಂಪು ಸೀಮೆಸುಣ್ಣ ಫಲಕದ ಕೆಳಗೆ ದಾರದಲ್ಲಿ ನೇತಾಡುತ್ತಿತ್ತು.

"ಇಲಿ!" ಎಂದು ಸಾಹೇಬರು ಕೂಗಿದರು. ಗಂಟಲು ಅವರ ಲೆಕ್ಕಕ್ಕಿಂತ ಜೋರಾಗಿತ್ತು. "ನಮ್ಮ ಮನೇಲಿ ಇಲಿ ಇದೆ! ಸಿಂಕಿನ ಕೆಳಗೆ! ನಾನು ಬಾಗಿಲು ಗುದ್ದಿದ್ದು ಇಲಿಗೆ! ಆವತ್ತು ಸಭೇಲಿ ದೊಡ್ಡ ಮಾತಾಡಿಬಿಟ್ಟಿದ್ನಲ್ಲ, ಹೇಳೋಕೆ ನಾಚಿಕೆ ಆಯ್ತು, ಅದಕ್ಕೇ ಚಿಕ್ಕಪ್ಪ ಅಂದೆ! ಬರ್ಕೊಳ್ಳಿ ಮೇಡಂ, ದೊಡ್ಡದಾಗಿ ಬರ್ಕೊಳ್ಳಿ!"

ಮೂರನೇ ಮಹಡಿಯಿಂದ ಒಂದು ಹೆಣ್ಣು ಧ್ವನಿ ಸಣ್ಣದಾಗಿ ಕೇಳಿಸಿತು. "ನಮ್ಮನೇಲೂ ಇದೆ."

"ನಮ್ಮನೇಲೂ," ಎಂದಿತು ಮೊದಲ ಮಹಡಿ. "ಹೋದ ತಿಂಗಳಿಂದ. ನಾವು ಅದನ್ನ ವಿಮೆ ಏಜೆಂಟ್ ಅಂತಿದ್ವಿ."

"ಬಾಲ ಮೊಂಡಾ?" ಹಲ್ಲಿನ ಡಾಕ್ಟರು ಕೇಳಿದರು.

"ಮೊಂಡು."

"ಬಲಗಿವಿ ಹರಿದಿದೆಯಾ?"

"ಹರಿದಿದೆ."

ಕಾರ್ಯದರ್ಶಿ ಮೇಡಂ ಬಾಗಿಲಿಗೆ ಒರಗಿಕೊಂಡರು. "ಅದು ಬುಧವಾರದಿಂದ ನನ್ನ ಹಿಟ್ಟಿನ ಡಬ್ಬದ ಹಿಂದೆ ಇದೆ," ಎಂದರು. ಕೆನ್ನೆ ಸೀಮೆಸುಣ್ಣದ ಬಣ್ಣಕ್ಕೆ ತಿರುಗಿತು.

ಹಾಗೆ ಆ ಸಂಜೆ ಇಡೀ ಕಟ್ಟಡಕ್ಕೆ ಒಂದೇ ಇಲಿ ಎಂಬುದು ಸಾಬೀತಾಯಿತು. ಒಬ್ಬೊಬ್ಬರೂ ಗುಟ್ಟಾಗಿ ತಮ್ಮ ತೂತು ಮುಚ್ಚಿ, ಅದನ್ನು ಮಹಡಿಗಳ ನಡುವೆ ಕೊಳವೆಗಳು ಇಳಿಯುವ ಓಣಿಯಲ್ಲಿ ಪಕ್ಕದ ಮನೆಗೆ ಸಾಗಹಾಕುತ್ತಿದ್ದರು. ಆ ಬಡಪಾಯಿ ಪ್ರಾಣಿ ಎರಡು ತಿಂಗಳಿಂದ ಮಹಡಿ ಹತ್ತಿ ಇಳಿದು ಸಣಕಲಾಗಿತ್ತು. ಮಾರನೆಯ ವಾರ ಎಲ್ಲರೂ ಸೇರಿ ಓಣಿಯ ಬುಡಕ್ಕೆ ಜಾಲರಿ ಹಾಕಿದರು. ಇಲಿಯನ್ನು ಮೊದಲ ಮಹಡಿಯವರ ಬೋನಿನಲ್ಲಿ ಹಿಡಿದು ಪಾರ್ಕಿನ ಆಚೆ ಬಿಟ್ಟರು. ಅದು ಎರಡು ಸುತ್ತನ್ನೂ ಬೇಡಲಿಲ್ಲ, ನೆಟ್ಟಗೆ ಓಡಿಹೋಯಿತು.

ಅದೆಲ್ಲ ಆಮೇಲಿನ ಮಾತು. ಆ ಶುಕ್ರವಾರ ಮಹಡಿಗಳವರು ತಮ್ಮ ತಮ್ಮ ಇಲಿ ಕಥೆ ಹೇಳುವುದರಲ್ಲಿ ಮುಳುಗಿದ್ದಾಗ ಸಾಹೇಬರು ಮೆಲ್ಲಗೆ ಒಳಗೆ ಹೋಗಿ ಚಿಕ್ಕಪ್ಪನ ಎದುರು ನಿಂತರು.

"ಇಲಿನಾ?" ಎಂದರು ಚಿಕ್ಕಪ್ಪ.

"ಇಲಿ."

"ಅದಕ್ಕೆ ನನ್ನ ಹೆಸರಾ?"

"ಹೆಸರಲ್ಲ ಚಿಕ್ಕಪ್ಪ, ಸಂಬಂಧ."

ಚಿಕ್ಕಪ್ಪನ ತುಟಿ ಒಂದು ಚೂರು ಅಲುಗಿತು, ಮತ್ತೆ ನಿಂತಿತು. "ಇಲಿ ವಿಷಯ ಬಿಡು ಪುಟ್ಟು. ಬಾಗಿಲಾಚೆ ನಿಂತಾಗ, ಇದು ಸುಳ್ಳಿರ್ಬಹುದು ಅಂತ ನನಗೆ ಒಂದು ಸಲಾನೂ ಅನ್ನಿಸಲಿಲ್ಲ ನೋಡು. ಸರಿ, ನನ್ನ ಸ್ಟಾ‍ಪ್ ಬಂತು, ಇಳಿಯೋಣ ಅಂತ ಇಳಿದುಬಿಟ್ಟೆ. ಅದೇ ಬೇಜಾರು."

ಸಾಹೇಬರು ಚಿಕ್ಕಪ್ಪನ ಮುಂದಿದ್ದ ಎಂಜಲು ತಟ್ಟೆಯನ್ನು ಎತ್ತಿಕೊಂಡು ಹೋಗಿ ಮೇಡಂ ಅವರ ಸಿಂಕಿನಲ್ಲಿ ತೊಳೆಯತೊಡಗಿದರು. ಬಹಳ ಹೊತ್ತು ತೊಳೆದರು. ಬೆನ್ನು ಈ ಕಡೆ ಇತ್ತು, ಭುಜ ಅಲುಗುತ್ತಿತ್ತು. ಆಮೇಲೆ ತಟ್ಟೆ ಎರಡು ಹೋಳಾದ ಸದ್ದು ಕೇಳಿಸಿತು.

"ಆ ಯಂತ್ರ ಯಾವತ್ತು ಬರೋದು?" ಎಂದರು ಚಿಕ್ಕಪ್ಪ.

"ನಾಳೆ," ಎಂದರು ಸಾಹೇಬರು ತಿರುಗದೆ.

"ಬೇಗ ಬರ್ಲಿ," ಎಂದ ಚಿಕ್ಕಪ್ಪ ನಗಲು ಶುರುಮಾಡಿದರು. ನಗುತ್ತ ನಗುತ್ತ ಕಣ್ಣು ಒರೆಸಿಕೊಂಡರು. ಮೇಡಂ ಒಳಗೆ ಬಂದು ಯಾರು ನಗುತ್ತಿದ್ದಾರೆ, ಯಾರು ಅಳುತ್ತಿದ್ದಾರೆ ತಿಳಿಯದೆ ಇಬ್ಬರಿಗೂ ಒಂದೊಂದು ಲೋಟ ನೀರು ಕೊಟ್ಟರು.

ಶನಿವಾರ, ಚಿಕ್ಕಪ್ಪನೂ ಬೆಳಗಿನ ತಿಂಡಿಗೆ ಬಂದಿದ್ದಾಗ, ಯಂತ್ರ ಬಂತು. ಜೊತೆಗೆ ಅದನ್ನು ಜೋಡಿಸುವ ಹೆಣ್ಣುಮಗಳು ಬಂದಳು. ಸೊಂಟಕ್ಕೆ ಹತಾರಗಳ ಚೀಲ, ಕಿವಿಯ ಹಿಂದೆ ಪೆನ್ಸಿಲು. ಅವಳು ಅಡುಗೆಮನೆಯಲ್ಲಿ ಒಂದು ಸುತ್ತು ಬಂದು, ಗೋಡೆ ತಟ್ಟಿ, ಸಿಂಕಿನ ಕೆಳಗೆ ಬಗ್ಗಿ ನೋಡಿದಳು.

"ಸರ್, ಇಷ್ಟು ಭದ್ರವಾದ ಅಡುಗೆಮನೆ ನಾನು ನೋಡೇ ಇಲ್ಲ."

ಸಾಹೇಬರು ಮೀಸೆ ತೀಡಿಕೊಂಡರು.

"ಯಂತ್ರಕ್ಕೆ ನೀರು ಬರೋ ತೂತು ಎಲ್ಲಿ? ಹೋಗೋ ತೂತು ಎಲ್ಲಿ?"

ಎರಡೂ ಸಿಮೆಂಟಿನ ಕೆಳಗೆ ಇದ್ದವು. ಅಷ್ಟೇ ಅಲ್ಲ, ಯಂತ್ರ ಇಡುವ ಜಾಗ ಒಂದು ಸೆಂಟಿಮೀಟರು ಕಡಿಮೆ ಬಿದ್ದಿತ್ತು. ಸಾಹೇಬರು "ಸಾಧ್ಯವೇ ಇಲ್ಲ," ಎಂದು ಇಲಾಖೆಯ ಮುದ್ರೆ ಇದ್ದ ಟೇಪು ತಂದು ಮೂರು ಸಲ ಅಳೆದರು. ಸೋಮವಾರ ಜಾಗ ಅಳೆದ ಮೇಲೆ ತಗಡು ಹೊಡೆದದ್ದು ಅವರಿಗೆ ನೆನಪಿರಲಿಲ್ಲ.

"ಟೇಪು ಸರಿ ಇದೆ ಪುಟ್ಟು," ಎಂದು ಚಿಕ್ಕಪ್ಪ ಸಮಾಧಾನ ಮಾಡಿದರು. "ಗೋಡೆಗೇ ತನ್ನ ಅಳತೆ ಸರಿಯಾಗಿ ಹೇಳೋಕೆ ಬರಲ್ಲ."

ಆಮೇಲೆ ಅಂಗಿ ತೋಳು ಮಡಚಿ ಸಿಂಕಿನ ಕೆಳಗೆ ನುಸುಳಿದರು. ಆ ಇಕ್ಕಟ್ಟಿನಲ್ಲಿ ಹಿಡಿಸುವ ಮೈ ಆ ಕೋಣೆಯಲ್ಲಿ ಅವರದೊಂದೇ. ಉಳಿ, ಸುತ್ತಿಗೆ ಹಿಡಿದು ಹೊಸ ಸಿಮೆಂಟು ಬಿಡಿಸಿದರು, ತಗಡು ಕಿತ್ತರು, ಹುಡುಗಿ ಹೇಳಿದಂತೆ ಕೊಳವೆ ತೂರಿಸಿದರು. ಸಾಹೇಬರೂ ಹುಡುಗಿಯೂ ಯಂತ್ರವನ್ನು ತಳ್ಳುವಾಗ ಒಳಗಿನಿಂದ ಧ್ವನಿ ಮೊಳಗಿತು. "ಬರ್ಲಿ... ಬರ್ಲಿ... ಬರ್ಲಿ... ಹೋಲ್ಡಾನ್! ಲೆಫ್ಟ್ ಕೊಡಿ. ಒಂಚೂರು ಹಿಂದೆ. ಹಾಂ, ರೈಟ್!" ನಾಲ್ಕು ದಶಕ ಬಸ್ಸನ್ನು ನಿಲ್ದಾಣಕ್ಕೆ ಸೇರಿಸಿದ ಧ್ವನಿ ಅದು. ಯಂತ್ರ ಗೋಡೆಗೆ ಒರಗಿ ನಿಂತಿತು.

ಹುಡುಗಿ ಗುಂಡಿ ಒತ್ತಿ ತೋರಿಸಿ, ಹೊರಡುವ ಮೊದಲು ಹೇಳಿದಳು, "ಇದರಲ್ಲಿ ಹನ್ನೆರಡು ಜನರ ತಟ್ಟೆ ಹಿಡಿಸುತ್ತೆ. ಅರ್ಧಂಬರ್ಧ ತುಂಬಿಸಿ ಓಡಿಸ್ಬೇಡಿ, ನೀರು ದಂಡ."

ಎಲ್ಲರೂ ಬಗ್ಗಿ ಒಳಗೆ ನೋಡಿದರು. ಬೆಳಗಿನ ಮೂರು ಲೋಟ, ಮೂರು ತಟ್ಟೆ ಅಷ್ಟು ದೊಡ್ಡ ಜಾಗದಲ್ಲಿ ಖಾಲಿ ಬಸ್ಸಿನ ಪ್ರಯಾಣಿಕರಂತೆ ದೂರ ದೂರ ನಿಂತಿದ್ದವು.

"ನೋಡಿ ಮಾವ," ಎಂದಳು ಹೆಂಡತಿ, ಚಿಕ್ಕಪ್ಪನ ಕಡೆ ತಿರುಗಿ, ಬಹಳ ಗಂಭೀರವಾಗಿ. "ನಾವಿಬ್ಬರೇ ಆದ್ರೆ ಇದು ಯಾವತ್ತೂ ತುಂಬಲ್ಲ. ವಾರಕ್ಕೆ ಎರಡು ದಿನ ನೀವು ಬಂದ್ರೂ ತುಂಬಲ್ಲ. ದಿನಾ ಬರ್ಬೇಕಾಗುತ್ತೆ. ಬೇರೆ ದಾರಿ ಇಲ್ಲ."

"ದಿನಾನಾ?"

"ಯಂತ್ರದ ನಿಯಮ ಮಾವ. ನನ್ನದಲ್ಲ."

ಚಿಕ್ಕಪ್ಪ ಹಣೆಯ ಮೇಲಿನ ಸಿಮೆಂಟು ಒರೆಸಿಕೊಂಡರು. ಯಂತ್ರವನ್ನೊಮ್ಮೆ, ಸಾಹೇಬರನ್ನೊಮ್ಮೆ ನೋಡಿದರು. ಸಾಹೇಬರು ಕಿಟಕಿಯಾಚೆ ಏನೋ ಬಹಳ ಮುಖ್ಯವಾದದ್ದನ್ನು ನೋಡುತ್ತಿದ್ದರು. "ನಿಯಮ ಅಂದ ಮೇಲೆ ಏನ್ಮಾಡೋಕಾಗುತ್ತೆ," ಎಂದರು ಚಿಕ್ಕಪ್ಪ.

ಭಾನುವಾರ ಅವರು ಬರುವ ದಿನವೇ, ಬಂದರು. ಅದನ್ನು ಲೆಕ್ಕಕ್ಕೆ ಹಿಡಿಯುವಂತಿರಲಿಲ್ಲ. ಸೋಮವಾರ ಸಂಜೆ ಏಳಾಯಿತು, ಏಳೂ ಐದಾಯಿತು. ಸಾಹೇಬರು ಪತ್ರಿಕೆಯ ಒಂದೇ ಪುಟವನ್ನು ನಾಲ್ಕು ಸಲ ಓದಿದರು. ಏಳೂ ಹತ್ತಕ್ಕೆ ಮೆಟ್ಟಿಲಲ್ಲಿ ಪಾತ್ರೆಗಳು ಒಂದಕ್ಕೊಂದು ತಾಗುವ ಸದ್ದು ಬಂತು.

ಬಾಗಿಲಲ್ಲಿ ಚಿಕ್ಕಪ್ಪ ನಿಂತಿದ್ದರು. ಎರಡೂ ಕೈ ತುಂಬ ತಮ್ಮ ರೂಮಿನ ಸಾಮಾನು: ಎರಡು ತಟ್ಟೆ, ನಾಲ್ಕು ಲೋಟ, ಒಂದು ಹಾಲಿನ ಪಾತ್ರೆ, ಮುಚ್ಚಳ, ಸೌಟು.

"ಇದು ತುಂಬಲ್ಲ ಅಂದಿದ್ರಲ್ಲ," ಎಂದರು, ಒಳಗೆ ಬರಲೋ ಬೇಡವೋ ಎನ್ನುವಂತೆ. "ಇದ್ದಿದ್ದನ್ನ ತಂದೆ."

ಹೆಂಡತಿ ಎಡಗೈಯಿಂದ ಒಂದೊಂದಾಗಿ ತೆಗೆದುಕೊಂಡಳು. ಎಲ್ಲವೂ ತೊಳೆದು, ಒರೆಸಿ, ಫಳಫಳ ಹೊಳೆಯುತ್ತಿದ್ದವು. ಇನ್ನೊಬ್ಬರ ಮನೆಗೆ ಮುಸುರೆ ಪಾತ್ರೆ ತರಲು ಅವರಿಗೆ ಮನಸ್ಸು ಬಂದಿರಲಿಲ್ಲ.

ಅವಳು ಮನೆಯ ಎಂಜಲು ತಟ್ಟೆಗಳ ನಡುವೆ ಆ ಹೊಳೆಯುವ ಪಾತ್ರೆಗಳನ್ನೂ ಜೋಡಿಸಿ, ಬಾಗಿಲು ಹಾಕಿ, ಗುಂಡಿ ಒತ್ತಿದಳು. ಯಂತ್ರ ಗೊರಗೊರ ಎಂದು ಎಲ್ಲವನ್ನೂ ಸಮನಾಗಿ ತೊಳೆಯತೊಡಗಿತು. ಸಾಹೇಬರು ಎದ್ದು ಬಂದು ಚಿಕ್ಕಪ್ಪನಿಗೆ ಕುರ್ಚಿ ಎಳೆದರು, ಪೂರ್ತಿ ಕುರ್ಚಿಯಲ್ಲಿ ಕೂತರೋ ಇಲ್ಲವೋ ನೋಡಿ, ಆಮೇಲೆ ತಾವು ಕೂತರು.